ಪ್ಲೇಟ್ ಹಾಕಿಸುವ ಮುಂಚೆ ಫೈಲ್ ಪರೀಕ್ಷಿಸುವುದು ಹೇಗೆ?

“ಸ್ಕ್ರೀನ್ ಮೇಲೆ ಎಲ್ಲ ಸರಿಯಾಗೇ ಇತ್ತು. ಪ್ರಿಂಟ್ ಆಗಿ ಬಂದಾಗ ಹೀಗ್ಯಾಕಾಯ್ತು?” ಪುಸ್ತಕ, ಕರಪತ್ರ, ಪತ್ರಿಕೆ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬರ ಮುಖಪುಟದಲ್ಲಿ ಬಿಳಿ ಅಕ್ಷರ ಮಾಯ. ಇನ್ನೊಬ್ಬರ ನೀಲಿ ಆಕಾಶ ನೇರಳೆ. ಮತ್ತೊಬ್ಬರ ಪುಸ್ತಕದಲ್ಲಿ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತಿವೆ.

ತಪ್ಪುಗಳು ಬೇರೆ ಬೇರೆ, ಮೂಲ ಮಾತ್ರ ಹೆಚ್ಚಾಗಿ ಒಂದೇ. ಸ್ಕ್ರೀನ್ ನಿಮಗೆ ಪುಟದ ಚಿತ್ರ ತೋರಿಸುತ್ತದೆ. ಆಫ್‌ಸೆಟ್ ಮೆಷಿನ್‌ಗೆ ಆ ಚಿತ್ರ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ನಾಲ್ಕು ಪ್ಲೇಟ್, ಅಂದರೆ ಒಂದೊಂದು ಬಣ್ಣದ ಇಂಕಿಗೆ ಒಂದೊಂದರಂತೆ ಮಾಡುವ ಅಚ್ಚಿನ ತಗಡು: ಸಯಾನ್ (ತಿಳಿನೀಲಿ), ಮಜೆಂಟಾ (ಗುಲಾಬಿಗೆಂಪು), ಹಳದಿ, ಕಪ್ಪು. ಪ್ಲೇಟಿನ ಒಂದೊಂದು ಚುಕ್ಕೆಯ ಜಾಗದಲ್ಲೂ ಇಂಕ್ ಇರುತ್ತದೆ, ಇಲ್ಲವೇ ಇರುವುದಿಲ್ಲ. ಅಷ್ಟೇ. ಹಾಗಾಗಿ ‘ಪುಟ ಚೆನ್ನಾಗಿದೆಯಾ’ ಅಂತ ನೋಡಿದರೆ ಸಾಲದು. ‘ಈ ಪುಟದಿಂದ ಯಾವ ಪ್ಲೇಟ್‌ಗೆ ಏನು ಹೋಗುತ್ತದೆ’ ಅಂತ ನೋಡಬೇಕು.

ಬೇಕಾಗುವ ಸಾಮಾನು

ಅಡೋಬ್ ಅಕ್ರೋಬ್ಯಾಟ್ ಪ್ರೊ ಇರಲಿ. ಉಚಿತವಾಗಿ ಸಿಗುವ ರೀಡರ್ ಸಾಲದು, ಅದರಲ್ಲಿ ಪ್ಲೇಟ್‌ಗಳನ್ನು ಬೇರೆ ಬೇರೆ ಮಾಡಿ ನೋಡುವ ಸೌಲಭ್ಯ ಇಲ್ಲ. ಮೂಲ ಫೈಲ್ (ಇನ್‌ಡಿಸೈನ್, ಕೋರೆಲ್‌ಡ್ರಾ, ಯಾವುದರಲ್ಲಿ ಮಾಡಿದ್ದೀರೋ ಅದು) ಕೈಗೆ ಸಿಗುವಂತಿರಲಿ. ಮಾಮೂಲಿ ಪ್ರಿಂಟರ್, ಒಂದು ಸ್ಕೇಲ್, ನಾಲ್ಕಾರು ಖಾಲಿ ಹಾಳೆ ಬೇಕು. ಸಾಧ್ಯವಾದರೆ ಈ ಕೆಲಸವನ್ನು ಮೊದಲ ಸಲ ನೋಡುತ್ತಿರುವ ಇನ್ನೊಬ್ಬರೂ ಜೊತೆಗಿರಲಿ. ಪುಟ ಕಟ್ಟಿದವರ ಕಣ್ಣಿಗೆ ತಪ್ಪು ಕಾಣುವುದು ಕಷ್ಟ.

1. ಮೊದಲು ಪ್ರೆಸ್‌ನವರನ್ನು ಕೇಳಿ

ಫೈಲ್ ತೆರೆಯುವ ಮುಂಚೆಯೇ ಇದಾಗಬೇಕು. ಕೇಳಬೇಕಾದ್ದು ಇಷ್ಟು: ಯಾವ ಬಗೆಯ ಪಿಡಿಎಫ್ ಬೇಕು, ಬ್ಲೀಡ್ (ಪುಟದ ಅಂಚಿನಾಚೆ ಚಾಚುವ ಬಣ್ಣ) ಎಷ್ಟು, ಕಾಗದ ಯಾವುದು, ಒಟ್ಟು ಇಂಕ್ ಎಷ್ಟು ಶೇಕಡಾ ದಾಟಬಾರದು, ಬೈಂಡಿಂಗ್ ಯಾವುದು, ಪುಟ ಜೋಡಿಸುವುದು ಯಾರು.

ಪಿಡಿಎಫ್/ಎಕ್ಸ್ ಎಂಬುದು ಮುದ್ರಣಕ್ಕಾಗಿಯೇ ಮಾಡಿದ ಪಿಡಿಎಫ್ ಮಾನದಂಡ. ಎಕ್ಸ್-1ಎ ಹಳೆಯದು, ಕಟ್ಟುನಿಟ್ಟಿನದು. ಅದರಲ್ಲಿ ಆರ್‌ಜಿಬಿ (ಸ್ಕ್ರೀನ್‌ಗೆಂದು ಮಾಡಿದ) ಬಣ್ಣ ಇರುವಂತಿಲ್ಲ, ಟ್ರಾನ್ಸ್‌ಪರೆನ್ಸಿ (ಒಂದರ ಹಿಂದಿನದು ಕಾಣುವ ಪಾರದರ್ಶಕ ಪರಿಣಾಮ, ನೆರಳು) ಇರುವಂತಿಲ್ಲ, ಎಲ್ಲ ಫಾಂಟ್ ಒಳಗೇ ಇರಬೇಕು. ಎಕ್ಸ್-4 ಹೊಸದು, ಅದು ಟ್ರಾನ್ಸ್‌ಪರೆನ್ಸಿಯನ್ನು ಹಾಗೇ ಉಳಿಸಿಕೊಳ್ಳುತ್ತದೆ. ಹೊಸ ಯಂತ್ರಗಳಿರುವ ಕಡೆ ಎಕ್ಸ್-4 ಒಳ್ಳೆಯದು. ಹಳೆಯ ರಿಪ್ ಇದ್ದರೆ ಎಕ್ಸ್-1ಎ ಕೊಡಿ. ರಿಪ್ ಅಂದರೆ ನಿಮ್ಮ ಪಿಡಿಎಫ್ ಅನ್ನು ಪ್ಲೇಟಿನ ಚುಕ್ಕೆಗಳಾಗಿ ಬದಲಿಸುವ ಸಾಫ್ಟ್‌ವೇರ್. ಅದು ಮಧ್ಯದಲ್ಲಿ ನಿಂತು ನಿಮ್ಮ ಫೈಲನ್ನು ತನಗೆ ತಿಳಿದಂತೆ ಓದಿಕೊಳ್ಳುತ್ತದೆ ಎಂಬುದು ನೆನಪಿರಲಿ. ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

2. ಸಾಫ್ಟ್‌ವೇರ್‌ಗೆ ಒಂದು ಸುತ್ತು ನೋಡಲು ಬಿಡಿ

ಅಕ್ರೋಬ್ಯಾಟ್‌ನಲ್ಲಿ ‘ಪ್ರಿಂಟ್ ಪ್ರೊಡಕ್ಷನ್’ ಒಳಗೆ ‘ಪ್ರಿಫ್ಲೈಟ್’ ಇದೆ. ಪ್ರಿಫ್ಲೈಟ್ ಅಂದರೆ ಫೈಲಿನ ತಾಂತ್ರಿಕ ತಪಾಸಣೆ. ಪ್ರೆಸ್ ಹೇಳಿದ ಪಿಡಿಎಫ್/ಎಕ್ಸ್ ಆರಿಸಿ ಓಡಿಸಿ. ಕೆಂಪು ಗುರುತು ಬಂದದ್ದನ್ನು ಬರೆದಿಟ್ಟುಕೊಳ್ಳಿ.

ಹಸಿರು ಬಂತು ಅಂತ ಫೈಲ್ ಕಳಿಸಿಬಿಡಬೇಡಿ. ಪ್ರಿಫ್ಲೈಟ್‌ಗೆ ಫಾಂಟ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಒತ್ತಕ್ಷರ ಒಡೆದದ್ದು ಗೊತ್ತಾಗುವುದಿಲ್ಲ. ಪುಟ 36 ಎರಡು ಸಲ ಬಂದಿದ್ದರೆ ಅದು ಚಕಾರ ಎತ್ತುವುದಿಲ್ಲ. ‘ಫಿಕ್ಸ್’ ಬಟನ್ ಒತ್ತಿ ಅಲ್ಲೇ ಸರಿಮಾಡುವ ಆಸೆಯಾಗುತ್ತದೆ. ಬೇಡ. ತಪ್ಪನ್ನು ಮೂಲ ಫೈಲಿನಲ್ಲೇ ತಿದ್ದಿ, ಪಿಡಿಎಫ್ ಹೊಸದಾಗಿ ಮಾಡಿ. ಇಲ್ಲದಿದ್ದರೆ ಮುಂದಿನ ಮುದ್ರಣಕ್ಕೆ ಅದೇ ತಪ್ಪು ವಾಪಸ್ ಬರುತ್ತದೆ.

3. ಅಳತೆ ಮತ್ತು ಬ್ಲೀಡ್

ಬ್ಲೀಡ್ ಅಂದರೆ ಪುಟದ ಅಂಚಿನವರೆಗೂ ಬರುವ ಬಣ್ಣ ಅಥವಾ ಚಿತ್ರವನ್ನು ಅಂಚು ದಾಟಿಸಿ ಹೊರಗೆ ಚಾಚುವುದು. ಸಾಮಾನ್ಯವಾಗಿ ಎಲ್ಲ ಕಡೆ 3 ಮಿ.ಮೀ. ಕಟಿಂಗ್ ಮಾಡುವಾಗ ಬ್ಲೇಡ್ ಕೂದಲೆಳೆಯಷ್ಟು ಆಚೀಚೆ ಆಗಿಯೇ ಆಗುತ್ತದೆ. ಬ್ಲೀಡ್ ಇಲ್ಲದಿದ್ದರೆ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ.

ಪಿಡಿಎಫ್‌ನಲ್ಲಿ ಇಲ್ಲಿ ನೋಡಬೇಕಾದ ಚೌಕಟ್ಟು ಮೂರು. ಮೀಡಿಯಾ ಬಾಕ್ಸ್ ಪೂರ್ತಿ ಹಾಳೆ. ಬ್ಲೀಡ್ ಬಾಕ್ಸ್ ಬ್ಲೀಡ್ ಸೇರಿದ ಅಳತೆ. ಟ್ರಿಮ್ ಬಾಕ್ಸ್ ಕತ್ತರಿಸಿದ ಮೇಲೆ ಉಳಿಯುವ ಪುಟ. ಎ5 ಪುಸ್ತಕವಾದರೆ ಟ್ರಿಮ್ 148 × 210 ಮಿ.ಮೀ., ಬ್ಲೀಡ್ ಸೇರಿ 154 × 216. ಅಕ್ರೋಬ್ಯಾಟ್ ಪ್ರಿಫರೆನ್ಸಸ್‌ನಲ್ಲಿ ‘ಪೇಜ್ ಡಿಸ್‌ಪ್ಲೇ’ಗೆ ಹೋಗಿ ಈ ಚೌಕಟ್ಟುಗಳನ್ನು ತೋರಿಸುವ ಆಯ್ಕೆ ಹಾಕಿಕೊಳ್ಳಿ. ಬಣ್ಣ ನಿಜವಾಗಿಯೂ ಬ್ಲೀಡ್ ಗೆರೆ ಮುಟ್ಟಿದೆಯಾ ಕಣ್ಣಾರೆ ನೋಡಿ. ಬ್ಲೀಡ್ ಬಾಕ್ಸ್ 3 ಮಿ.ಮೀ. ಇದ್ದು, ಒಳಗಿನ ಫೋಟೊ ಟ್ರಿಮ್‌ಗೇ ನಿಂತಿರುವುದು ಬಹಳ ಸಾಮಾನ್ಯ.

ಇದರ ಉಲ್ಟಾ ತಪ್ಪೂ ಇದೆ. ಪುಟಸಂಖ್ಯೆ, ಹೆಸರು, ಲೋಗೊ ಅಂಚಿಗೆ ಅಂಟಿಕೊಂಡಿದ್ದರೆ ಬ್ಲೇಡ್‌ಗೆ ಸಿಗುತ್ತವೆ. ಟ್ರಿಮ್‌ನಿಂದ ಒಳಗೆ ಕನಿಷ್ಠ 5 ಮಿ.ಮೀ. ಬಿಡಿ.

4. ಫಾಂಟ್: ಕನ್ನಡಕ್ಕೆ ಜಾಸ್ತಿ ಹೊತ್ತು ಕೊಡಿ

ಕಂಟ್ರೋಲ್-ಡಿ ಒತ್ತಿ, ‘ಫಾಂಟ್ಸ್’ ತೆರೆಯಿರಿ. ಪ್ರತಿ ಫಾಂಟಿನ ಮುಂದೆ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಎಂದಿರಬೇಕು. ಅಂದರೆ ಫಾಂಟ್ ಫೈಲಿನ ಒಳಗೇ ಸೇರಿದೆ ಅಂತ. ಹಾಗಿಲ್ಲದಿದ್ದರೆ ಪ್ರೆಸ್‌ನ ಕಂಪ್ಯೂಟರ್ ತನ್ನ ಹತ್ತಿರ ಇರುವ ಬೇರೆ ಫಾಂಟ್ ಹಾಕುತ್ತದೆ.

ಇಂಗ್ಲಿಷ್ ಫೈಲಾಗಿದ್ದರೆ ಇಷ್ಟಕ್ಕೇ ಕೆಲಸ ಮುಗಿಯಿತು. ಕನ್ನಡದಲ್ಲಿ ಇಲ್ಲಿಂದ ಶುರು.

‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುತ್ತವೆ. ಫಾಂಟ್ ತಪ್ಪಿದರೆ ಪುಟವೆಲ್ಲ ಇಂಗ್ಲಿಷ್ ಕಸ. ಇದು ಒಂದೇ ನೋಟಕ್ಕೆ ಸಿಗುವ ತಪ್ಪು, ಹಾಗಾಗಿ ಅಷ್ಟು ಭಯವಿಲ್ಲ. ಭಯ ಇರುವುದು ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಪಠ್ಯದಲ್ಲಿ. ಪುಟ ನೋಡಲು ಕನ್ನಡವೇ, ಒಳಗೆ ಅಲ್ಲೊಂದು ಇಲ್ಲೊಂದು ಮುರಿದಿರುತ್ತದೆ. ಮುಖ್ಯವಾಗಿ ಅರ್ಕಾವತ್ತು ಇರುವ ಪದ (ವರ್ಷ, ಧರ್ಮ, ಕಾರ್ಯ), ಎರಡು ಒತ್ತಕ್ಷರ ಇರುವ ಪದ (ರಾಷ್ಟ್ರ, ಸ್ತ್ರೀ), ‘ಜ್ಞ’, ‘ಕ್ಷ’, ‘ಋ’ ಇವನ್ನು ಹುಡುಕಿ ನೋಡಿ. ಮಧ್ಯದಲ್ಲಿ ಇಂಗ್ಲಿಷ್ ಪದ ಇದ್ದ ಕಡೆ ಅದೂ ಪರಿವರ್ತನೆಯಾಗಿ ಅರ್ಥವಿಲ್ಲದ ಕನ್ನಡವಾಗಿರಬಹುದು. ಇಮೇಲ್ ವಿಳಾಸ, ರಾಸಾಯನಿಕ ಸೂತ್ರ, ಸಣ್ಣಕ್ಷರದ ಹಕ್ಕುಪುಟ ಇವೆಲ್ಲ ಇದಕ್ಕೆ ಬಲಿಯಾಗುವ ಜಾಗಗಳು.

ಯೂನಿಕೋಡ್ ಪಠ್ಯದಲ್ಲಿ ಇನ್ನೊಂದು ಸಮಸ್ಯೆ. ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸದಿದ್ದರೆ ಒತ್ತಕ್ಷರ ಕೂರುವುದಿಲ್ಲ. ‘ಅಮ್ಮ’ ಎಂಬುದು ‘ಅಮ್‌ಮ’ ಆಗುತ್ತದೆ. ಇಡೀ ಪುಸ್ತಕಕ್ಕೆ ಆರಿಸಿದ್ದರೂ ಬೇರೆ ಕಡೆಯಿಂದ ತಂದು ಅಂಟಿಸಿದ ಒಂದು ಪ್ಯಾರಾ, ಕೋಷ್ಟಕದ ಒಂದು ಕೋಣೆ, ಚಿತ್ರದ ಕೆಳಗಿನ ಅಡಿಬರಹ ಹಳೆಯ ಕಂಪೋಸರ್‌ನಲ್ಲೇ ಉಳಿದಿರುತ್ತದೆ. ಮುಖ್ಯ ಪಠ್ಯ ಸರಿ ಇದೆ ಅಂತ ಸಮಾಧಾನ ಮಾಡಿಕೊಳ್ಳದೆ ಅಡಿಬರಹ, ಕೋಷ್ಟಕ, ಪರಿವಿಡಿ, ಪುಟದ ತಲೆಬರಹ ಇವನ್ನು ಪ್ರತ್ಯೇಕವಾಗಿ ನೋಡಿ.

ಸಾಲುಗಳ ನಡುವಿನ ಅಂತರವನ್ನೂ ಗಮನಿಸಿ. ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಬಣ್ಣದ ಪಟ್ಟಿಯೊಳಗೆ ಕೂರಿಸಿದ ಶೀರ್ಷಿಕೆಯಲ್ಲಿ ಒತ್ತಿನ ಬಾಲ ಪಟ್ಟಿಯಿಂದಾಚೆ ಹೋಗಿ ಬಿಳಿಯ ಮೇಲೆ ಬಿಳಿಯಾಗಿ ಕಳೆದುಹೋಗಿರುವುದೂ ಉಂಟು.

ಇಷ್ಟೆಲ್ಲ ಯಾಕೆ, ಅಕ್ಷರವನ್ನೆಲ್ಲ ‘ಕರ್ವ್ಸ್’ ಮಾಡಿಬಿಟ್ಟರೆ ಆಯ್ತಲ್ವಾ ಅಂತ ಕೇಳುತ್ತೀರಿ. ಕರ್ವ್ಸ್ ಅಂದರೆ ಅಕ್ಷರವನ್ನು ಬರೀ ಆಕಾರವಾಗಿ ಬದಲಿಸುವುದು. ಮುಖಪುಟಕ್ಕೆ, ಒಂದೆರಡು ಪುಟದ ಕರಪತ್ರಕ್ಕೆ ಸರಿ. ಇಡೀ ಪುಸ್ತಕಕ್ಕೆ ಬೇಡ. ಸಣ್ಣ ಅಕ್ಷರ ಸ್ವಲ್ಪ ದಪ್ಪಗಾಗಬಹುದು, ಆಮೇಲೆ ಒಂದಕ್ಷರ ತಿದ್ದಲೂ ಆಗುವುದಿಲ್ಲ. ಒಡೆದ ಒತ್ತಕ್ಷರವನ್ನು ಕರ್ವ್ಸ್ ಮಾಡಿದರೆ ಅದು ಒಡೆದೇ ಉಳಿಯುತ್ತದೆ.

5. ಚಿತ್ರಗಳು

ನೋಡಬೇಕಾದ್ದು ಚಿತ್ರದ ‘ಎಫೆಕ್ಟಿವ್ ಪಿಪಿಐ’, ಅಂದರೆ ಪುಟದಲ್ಲಿ ಕೂರಿಸಿದ ಅಳತೆಗೆ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಬೀಳುತ್ತವೆ ಎಂಬುದು. 300 ಪಿಪಿಐ ಫೋಟೊವನ್ನು ಎರಡು ಪಟ್ಟು ಹಿಗ್ಗಿಸಿದರೆ ಅದು 150 ಆಗುತ್ತದೆ. ಇನ್‌ಡಿಸೈನ್‌ನ ಲಿಂಕ್ಸ್ ಪ್ಯಾನೆಲ್‌ನಲ್ಲಿ ಇದು ಕಾಣುತ್ತದೆ. ಫೋಟೊಗೆ 300 ಇರಲಿ. ಕಪ್ಪು-ಬಿಳುಪು ಗೆರೆಚಿತ್ರ, ಸಹಿ, ಹಸ್ತಪ್ರತಿಯ ಸ್ಕ್ಯಾನ್‌ಗೆ 1200 ಇದ್ದರೆ ಗೆರೆ ಚೂಪಾಗಿ ಬರುತ್ತದೆ.

ಲೆಕ್ಕ ಸುಲಭ. ಎ4 ಪುಟ ತುಂಬುವ ಫೋಟೊ, ಬ್ಲೀಡ್ ಸೇರಿ 216 × 303 ಮಿ.ಮೀ. ಅದಕ್ಕೆ ಸುಮಾರು 2550 × 3580 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಫೋಟೊವಾಗಿ ಬಂದದ್ದು ದಾರಿಯಲ್ಲೇ ಕುಗ್ಗಿರುತ್ತದೆ. ಅದನ್ನು ಫೋಟೊಶಾಪ್‌ನಲ್ಲಿ 72ರಿಂದ 300ಕ್ಕೆ ಏರಿಸಿದರೆ ಹೊಸ ವಿವರ ಹುಟ್ಟುವುದಿಲ್ಲ, ಪ್ರಿಫ್ಲೈಟ್ ಮಾತ್ರ ಸುಮ್ಮನಾಗುತ್ತದೆ. ಕಳಿಸಿದವರಿಂದ ಮೂಲ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

6. ಪ್ಲೇಟ್ ಎಷ್ಟು ಅಂತ ಎಣಿಸಿ

ಇನ್ನು ಅಕ್ರೋಬ್ಯಾಟ್‌ನ ‘ಔಟ್‌ಪುಟ್ ಪ್ರಿವ್ಯೂ’ ತೆರೆಯಿರಿ. ಈ ಲೇಖನದಲ್ಲಿ ಒಂದೇ ಒಂದು ಸಂಗತಿ ನೆನಪಿಡುತ್ತೀರಿ ಎಂದಾದರೆ ಈ ಕಿಟಕಿಯನ್ನು ನೆನಪಿಡಿ. ಇದರಲ್ಲಿ ಪ್ಲೇಟ್‌ಗಳ ಪಟ್ಟಿ ಇರುತ್ತದೆ. ಒಂದೊಂದರ ಮುಂದೆ ಟಿಕ್ ತೆಗೆದು ಹಾಕಿ, ಯಾವ ಪ್ಲೇಟ್‌ನಲ್ಲಿ ಏನಿದೆ ನೋಡಬಹುದು. ಇದಕ್ಕೆ ಸೆಪರೇಷನ್ ನೋಡುವುದು ಎನ್ನುತ್ತಾರೆ.

ನಾಲ್ಕು ಬಣ್ಣದ ಕೆಲಸದಲ್ಲಿ ನಾಲ್ಕೇ ಹೆಸರಿರಬೇಕು. ಐದನೆಯದು ಕಂಡರೆ ಅದು ಸ್ಪಾಟ್ ಬಣ್ಣ, ಅಂದರೆ ಬೆರೆಸಿ ತಯಾರಿಸಿದ ಪ್ರತ್ಯೇಕ ಇಂಕ್, ಅದಕ್ಕೆ ಪ್ರತ್ಯೇಕ ಪ್ಲೇಟ್. ಬೇಕಂತಲೇ ಇಟ್ಟಿದ್ದೀರಾ, ಅಥವಾ ಯಾರದೋ ಲೋಗೊ ಜೊತೆ ಬಂದಿದೆಯಾ ನೋಡಿ. ಬೇಕಂತಲೇ ಇಟ್ಟಿದ್ದರೂ ಹೆಸರು ಒಂದೇ ಇರಬೇಕು. ಪ್ಯಾಂಟೋನ್ ಕಂಪನಿಯ ಬಣ್ಣದ ಪಟ್ಟಿಯಲ್ಲಿ ‘ಪ್ಯಾಂಟೋನ್ 185 ಸಿ’ ಮತ್ತು ‘ಪ್ಯಾಂಟೋನ್ 185 ಯು’ ಒಂದೇ ಇಂಕು. ಕೊನೆಯ ಅಕ್ಷರ ಲೇಪವಿರುವ ನಯಗಾಗದವೋ ಮಾಮೂಲಿ ಕಾಗದವೋ ಎಂಬುದನ್ನಷ್ಟೇ ಹೇಳುತ್ತದೆ. ಆದರೆ ರಿಪ್‌ಗೆ ಅವು ಎರಡು ಹೆಸರು, ಎರಡು ಪ್ಲೇಟ್.

ಇದೇ ಕಿಟಕಿಯಲ್ಲಿ ಆರ್‌ಜಿಬಿ ವಸ್ತುಗಳನ್ನಷ್ಟೇ ತೋರಿಸುವ ಆಯ್ಕೆಯೂ ಇದೆ. ಸ್ಕ್ರೀನ್‌ನ ಬೆಳಕಿನ ಬಣ್ಣ ಆರ್‌ಜಿಬಿ, ಇಂಕಿನ ಬಣ್ಣ ಸಿಎಂವೈಕೆ. ಹೊಳೆಯುವ ಹಸಿರು, ಕಿತ್ತಳೆ, ನೀಲಿ ಇಂಕಿಗೆ ಬಂದಾಗ ಮಂಕಾಗುತ್ತವೆ. ಮುಂಚೆಯೇ ಬದಲಿಸಿ ನೋಡಿಕೊಳ್ಳಿ. ನೀಲಿ ನೇರಳೆಯಾಗುವುದಕ್ಕೆ ಕಾರಣ ಮಜೆಂಟಾ. ಸಯಾನ್ 100, ಮಜೆಂಟಾ 100 ಇದ್ದರೆ ಅದು ನೇರಳೆಯೇ. ಮಜೆಂಟಾವನ್ನು ಸಯಾನ್‌ಗಿಂತ ಕನಿಷ್ಠ 30 ಶೇಕಡಾ ಕಡಿಮೆ ಇಡಿ.

7. ಕಪ್ಪು ಪ್ಲೇಟ್ ಆಫ್ ಮಾಡಿ

ಔಟ್‌ಪುಟ್ ಪ್ರಿವ್ಯೂನಲ್ಲಿ ಕಪ್ಪಿನ ಟಿಕ್ ತೆಗೆಯಿರಿ. ಪುಟದ ಕಪ್ಪು ಪಠ್ಯವೆಲ್ಲ ಪೂರ್ತಿ ಮಾಯವಾಗಬೇಕು. ಮಸುಕಾಗಿ ಕಂದು ಬಣ್ಣದಲ್ಲಿ ಉಳಿದುಕೊಂಡರೆ ನಿಮ್ಮ ಅಕ್ಷರ ನಾಲ್ಕು ಪ್ಲೇಟ್‌ನಲ್ಲೂ ಇದೆ ಅಂತ ಅರ್ಥ.

ಇದು ಹೆಚ್ಚಾಗಿ ವರ್ಡ್‌ನಿಂದ ಮಾಡಿದ ಪಿಡಿಎಫ್‌ನಲ್ಲಿ ಆಗುತ್ತದೆ. ಅಲ್ಲಿಯ ಕಪ್ಪು ಆರ್‌ಜಿಬಿ ಕಪ್ಪು. ಫೋಟೊಶಾಪ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ಸಿಎಂವೈಕೆ ಆದಾಗ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ಮೆಷಿನ್ ಮೇಲೆ ನಾಲ್ಕು ಬಣ್ಣಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಸರಿದರೂ 10 ಪಾಯಿಂಟ್ ಅಕ್ಷರಕ್ಕೆ ಬಣ್ಣದ ನೆರಳು ಬೀಳುತ್ತದೆ. ಓದುವವರಿಗೆ ಕಣ್ಣು ನೋವು. ಪಠ್ಯ ಕಪ್ಪು 100 ಮಾತ್ರ ಇರಲಿ.

‘ರಿಜಿಸ್ಟ್ರೇಷನ್’ ಎಂಬ ಬಣ್ಣ ಇನ್ನೂ ಕೆಟ್ಟದ್ದು. ಅದು ಎಲ್ಲ ಪ್ಲೇಟ್‌ಗೂ ನೂರಕ್ಕೆ ನೂರು ಹೋಗುತ್ತದೆ. ಕ್ರಾಪ್ ಮಾರ್ಕ್‌ಗಾಗಿ (ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಗುರುತು) ಇರುವ ಬಣ್ಣ ಅದು. ಬಣ್ಣದ ಪಟ್ಟಿಯಲ್ಲಿ ಕಪ್ಪಿನ ಪಕ್ಕದಲ್ಲೇ ಕಪ್ಪಾಗಿಯೇ ಕಾಣುವುದರಿಂದ ಕೈತಪ್ಪಿ ಆರಿಸುವವರು ಬೇಕಾದಷ್ಟು ಜನ.

ಬಾರ್‌ಕೋಡನ್ನೂ ಇಲ್ಲೇ ನೋಡಿಬಿಡಿ. ಅದು ಬಿಳಿಯ ಮೇಲೆ ಕಪ್ಪು ಪ್ಲೇಟ್‌ನಲ್ಲಿ ಮಾತ್ರ ಇರಬೇಕು. ಕೆಂಪು ಗೆರೆಯ ಬಾರ್‌ಕೋಡ್ ಚೆಂದ ಕಾಣಬಹುದು, ಆದರೆ ಸ್ಕ್ಯಾನರ್‌ನ ಬೆಳಕೇ ಸಾಮಾನ್ಯವಾಗಿ ಕೆಂಪು. ಅದಕ್ಕೆ ಆ ಗೆರೆ ಕಾಣುವುದೇ ಇಲ್ಲ.

8. ಓವರ್‌ಪ್ರಿಂಟ್

ಎರಡು ಮಾತು ಗೊತ್ತಿರಲಿ. ಒಂದು ಬಣ್ಣದ ಮೇಲೆ ಇನ್ನೊಂದು ವಸ್ತು ಬಂದಾಗ ಕೆಳಗಿನದನ್ನು ಅಷ್ಟು ಆಕಾರಕ್ಕೆ ಕೊರೆದು ತೆಗೆಯುವುದು ನಾಕ್‌ಔಟ್. ಕೊರೆಯದೆ ಮೇಲೆಯೇ ಒತ್ತುವುದು ಓವರ್‌ಪ್ರಿಂಟ್. ಸಣ್ಣ ಕಪ್ಪು ಅಕ್ಷರಕ್ಕೆ ಓವರ್‌ಪ್ರಿಂಟ್ ಒಳ್ಳೆಯದು. ಬಣ್ಣ ಸ್ವಲ್ಪ ಸರಿದರೂ ಅಕ್ಷರದ ಸುತ್ತ ಬಿಳಿ ಗೆರೆ ಬರುವುದಿಲ್ಲ. ಇನ್‌ಡಿಸೈನ್ ಶೇಕಡಾ 100 ಕಪ್ಪನ್ನು ತಾನಾಗಿಯೇ ಓವರ್‌ಪ್ರಿಂಟ್ ಮಾಡುತ್ತದೆ.

ಅನಾಹುತ ಆಗುವುದು ಬಿಳಿಯಲ್ಲಿ. ಬಿಳಿ ಅಂದರೆ ಇಂಕ್ ಇಲ್ಲ ಅಂತ. ಇಲ್ಲದ ಇಂಕನ್ನು ಮೇಲೆ ಒತ್ತಿದರೆ ಏನು ಬರುತ್ತದೆ? ಏನೂ ಇಲ್ಲ. ಡಿಸೈನರ್ ಮೊದಲು ಕಪ್ಪು ಅಕ್ಷರ ಮಾಡಿ, ಅದಕ್ಕೆ ಓವರ್‌ಪ್ರಿಂಟ್ ಹಾಕಿ, ಆಮೇಲೆ ಬಣ್ಣ ಮಾತ್ರ ಬಿಳಿಗೆ ಬದಲಿಸಿರುತ್ತಾರೆ. ಓವರ್‌ಪ್ರಿಂಟ್ ಹಾಗೇ ಉಳಿದಿರುತ್ತದೆ. ಸ್ಕ್ರೀನ್ ಮೇಲೆ ಬಿಳಿ ಅಕ್ಷರ ಥಳಥಳ ಹೊಳೆಯುತ್ತದೆ, ಕಾಗದದ ಮೇಲೆ ಬರೀ ಬಣ್ಣದ ಪಟ್ಟಿ.

ಇದನ್ನು ಹಿಡಿಯಲು ಔಟ್‌ಪುಟ್ ಪ್ರಿವ್ಯೂನಲ್ಲಿ ‘ಸಿಮ್ಯುಲೇಟ್ ಓವರ್‌ಪ್ರಿಂಟಿಂಗ್’ ಆನ್ ಮಾಡಿ, ಆಫ್ ಮಾಡಿ. ಆನ್-ಆಫ್ ಮಾಡುವಾಗ ಪುಟದಲ್ಲಿ ಏನು ಬದಲಾಗುತ್ತದೋ ಅಲ್ಲೇ ಕಣ್ಣಿಡಿ. ಪ್ರತಿ ಪುಟಕ್ಕೂ ಮಾಡಿ, ಬೇಸರವಾದರೂ ಮಾಡಿ. ಹಳದಿ ಅಕ್ಷರ ನೀಲಿಯ ಮೇಲೆ ಓವರ್‌ಪ್ರಿಂಟ್ ಆಗಿ ಹಸಿರಾಗುವುದು, ದೊಡ್ಡ ಕಪ್ಪು ಪಟ್ಟಿಯ ಒಳಗಿಂದ ಕೆಳಗಿನ ಫೋಟೊದ ಅಂಚು ಇಣುಕುವುದು, ಎಲ್ಲ ಇಲ್ಲೇ ಸಿಕ್ಕಿಬೀಳುತ್ತವೆ. ಕಪ್ಪು ಪಟ್ಟಿಯ ಸಮಸ್ಯೆಗೆ ರಿಚ್ ಬ್ಲ್ಯಾಕ್ ಬಳಸಿ, ಅಂದರೆ ಕಪ್ಪು 100ರ ಜೊತೆ ಸ್ವಲ್ಪ ಬೇರೆ ಬಣ್ಣ: ಸಯಾನ್ 60, ಮಜೆಂಟಾ 40, ಹಳದಿ 40. ದೊಡ್ಡ ಪಟ್ಟಿಗೆ ಮಾತ್ರ, ಅಕ್ಷರಕ್ಕೆ ಬೇಡ.

ಡೈ-ಕಟಿಂಗ್ ಗೆರೆ (ಬೇಕಾದ ಆಕಾರಕ್ಕೆ ಕತ್ತರಿಸಲು ಹಾಕುವ ಗುರುತು), ಸ್ಪಾಟ್ ಯುವಿ (ಆಯ್ದ ಜಾಗಕ್ಕಷ್ಟೇ ಹಚ್ಚುವ ಹೊಳಪು) ಇದ್ದರೆ ನಿಯಮ ಉಲ್ಟಾ. ಅವು ಪ್ರತ್ಯೇಕ ಸ್ಪಾಟ್ ಬಣ್ಣದಲ್ಲಿದ್ದು ಓವರ್‌ಪ್ರಿಂಟ್ ಆಗಿರಲೇಬೇಕು. ಇಲ್ಲದಿದ್ದರೆ ಆ ಗೆರೆಯ ಆಕಾರಕ್ಕೆ ಕೆಳಗಿನ ಚಿತ್ರದಲ್ಲಿ ಬಿಳಿ ಸೀಳು ಬೀಳುತ್ತದೆ.

9. ಇಂಕಿನ ಒಟ್ಟು ಮೊತ್ತ

ನಾಲ್ಕು ಬಣ್ಣದ ಶೇಕಡಾ ಕೂಡಿದರೆ ಬರುವ ಮೊತ್ತಕ್ಕೆ ಟೋಟಲ್ ಏರಿಯಾ ಕವರೇಜ್ ಎನ್ನುತ್ತಾರೆ. ನಯಗಾಗದಕ್ಕೆ ಸಾಮಾನ್ಯವಾಗಿ 300ರಿಂದ 330, ಮಾಮೂಲಿ ಕಾಗದಕ್ಕೆ 280ರ ಆಸುಪಾಸು, ನ್ಯೂಸ್‌ಪ್ರಿಂಟ್‌ಗೆ 240. ನಿಮ್ಮ ಪ್ರೆಸ್ ಹೇಳಿದ್ದೇ ಅಂತಿಮ. ಔಟ್‌ಪುಟ್ ಪ್ರಿವ್ಯೂನಲ್ಲಿ ಆ ಸಂಖ್ಯೆ ಹಾಕಿದರೆ ಮೀರಿದ ಜಾಗ ಬಣ್ಣ ಬಳಿದು ತೋರಿಸುತ್ತದೆ. ಮಿತಿ ಮೀರಿದರೆ ಇಂಕ್ ಒಣಗುವುದಿಲ್ಲ, ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ.

10. ತೆಳು ಗೆರೆ, ಸಣ್ಣ ಅಕ್ಷರ

ಕೆಲವು ಸಾಫ್ಟ್‌ವೇರ್‌ನಲ್ಲಿ ‘ಹೇರ್‌ಲೈನ್’ ಎಂಬ ಗೆರೆ ಇದೆ. ಅದು ಯಂತ್ರ ಬರೆಯಬಲ್ಲ ಅತಿ ತೆಳು ಗೆರೆ. ಮನೆಯ ಪ್ರಿಂಟರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. 2400 ಡಿಪಿಐ ಪ್ಲೇಟ್ ಯಂತ್ರದಲ್ಲಿ ಅದು ಸುಮಾರು 0.01 ಮಿ.ಮೀ., ಅಂದರೆ ಇಲ್ಲವೇ ಇಲ್ಲ ಅನ್ನಿ. ಕಪ್ಪು ಗೆರೆ 0.25 ಪಾಯಿಂಟ್‌ಗಿಂತ ಕಡಿಮೆ ಬೇಡ. ಬಣ್ಣದೊಳಗಿನ ಬಿಳಿ ಗೆರೆ 0.5ಕ್ಕಿಂತ ಕಡಿಮೆ ಬೇಡ. ನೋಡುವಾಗ ಅಕ್ರೋಬ್ಯಾಟ್‌ನ ‘ಎನ್‌ಹಾನ್ಸ್ ಥಿನ್ ಲೈನ್ಸ್’ ಆಫ್ ಮಾಡಿಕೊಳ್ಳಿ. ಅದು ತೆಳು ಗೆರೆಯನ್ನು ದಪ್ಪ ಮಾಡಿ ತೋರಿಸಿ ಯಾಮಾರಿಸುತ್ತದೆ.

ನಾಲ್ಕು ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಕನ್ನಡ ಅಕ್ಷರ ಇಡುವುದಾದರೆ 9 ಪಾಯಿಂಟ್‌ಗಿಂತ ಕೆಳಗೆ ಹೋಗಬೇಡಿ, ತೆಳು ಫಾಂಟ್ ಬೇಡ. ಒತ್ತಿನ ಒಳಗಿನ ಸಣ್ಣ ಸಂದುಗಳಿಗೆ ಇಂಕ್ ತುಂಬಿಕೊಂಡುಬಿಡುತ್ತದೆ.

ನೆರಳು ಹಾಕಿದ ಕಡೆ ಕೂದಲೆಳೆಯಂಥ ಬಿಳಿ ಗೆರೆಗಳು ಕಂಡು ಗಾಬರಿಯಾಗುವವರಿದ್ದಾರೆ. ಜೂಮ್ ಮಾಡಿ. ಎಷ್ಟು ಜೂಮ್ ಮಾಡಿದರೂ ಗೆರೆ ಅಷ್ಟೇ ತೆಳುವಾಗಿದ್ದರೆ ಅದು ಸ್ಕ್ರೀನಿನ ಆಟ. ಜೂಮ್ ಜೊತೆ ಗೆರೆಯೂ ದಪ್ಪವಾದರೆ ಅದು ನಿಜವಾದ ಗೆರೆ.

11. ಪುಟ ಜೋಡಣೆ: ಕಾಗದ ಮಡಿಸಿಯೇ ನೋಡಿ

ದೊಡ್ಡ ಹಾಳೆಯಲ್ಲಿ ಪುಟಗಳನ್ನು ಮಡಿಸಿದಾಗ ಸರಿಯಾದ ಕ್ರಮ ಬರುವಂತೆ ಕೂರಿಸುವುದಕ್ಕೆ ಇಂಪೊಸಿಷನ್ ಎನ್ನುತ್ತಾರೆ. ಅದನ್ನು ಪ್ರೆಸ್‌ನವರು ಮಾಡುವುದಾದರೆ ನೀವು ಒಂದೊಂದೇ ಪುಟ, 1, 2, 3 ಅಂತ ಕ್ರಮವಾಗಿ ಕೊಡಿ. ಎರಡೆರಡು ಪುಟ ಜೋಡಿಸಿ ಕೊಡಬೇಡಿ. ಖಾಲಿ ಪುಟವೂ ಫೈಲಿನಲ್ಲಿ ಖಾಲಿ ಪುಟವಾಗಿಯೇ ಇರಲಿ. ಸೆಂಟರ್ ಪಿನ್ ಪುಸ್ತಕವಾದರೆ ಒಟ್ಟು ಪುಟ 4ರಿಂದ ಭಾಗವಾಗಬೇಕು.

ಜೋಡಿಸಿದ ಫೈಲ್ ನೋಡಲು ಒಂದು ಹಾಳೆಯನ್ನು ಮೂರು ಸಲ ಮಡಿಸಿ. 16 ಪುಟದ ಡಮ್ಮಿ ಸಿದ್ಧ. ಪುಟಸಂಖ್ಯೆ ಬರೆದು ಬಿಚ್ಚಿ, ಪ್ಲೇಟ್ ಫೈಲ್ ಜೊತೆ ಹೋಲಿಸಿ. ಬಿಚ್ಚಿದ ಹಾಳೆಯ ಒಂದೇ ಬದಿಯಲ್ಲಿ, ಪುಸ್ತಕದ ಬೆನ್ನಾಗುವ ಮಡಿಕೆಯ ಆಚೀಚೆ ಇರುವ ಎರಡು ಪುಟಗಳ ಸಂಖ್ಯೆ ಕೂಡಿದರೆ ಪ್ರತಿ ಜೋಡಿಗೂ ಒಂದೇ ಮೊತ್ತ ಬರಬೇಕು. 1ರಿಂದ 16ರ ಫಾರಂಗೆ (ಒಂದೇ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಗುಂಪು) 17. 17ರಿಂದ 32ರ ಫಾರಂಗೆ 49. ಒಂದು ಜೋಡಿ ತಪ್ಪಿದರೂ ಅಲ್ಲೇ ನಿಲ್ಲಿ.

ಹಾಳೆಯ ಒಂದು ಅಂಚಿನಲ್ಲಿ ಗ್ರಿಪ್ಪರ್ ಜಾಗ ಖಾಲಿ ಇರಬೇಕು. ಮೆಷಿನ್ ಹಾಳೆಯನ್ನು ಕಚ್ಚಿ ಹಿಡಿಯುವ ಜಾಗ ಅದು, ಸಾಮಾನ್ಯವಾಗಿ 10ರಿಂದ 12 ಮಿ.ಮೀ.

ಮೂರು ಭಾಗವಾಗಿ ಮಡಿಸುವ ಕರಪತ್ರದಲ್ಲಿ ಎಲ್ಲ ಭಾಗವೂ 99 ಮಿ.ಮೀ. ಇಟ್ಟರೆ ಒಳಕ್ಕೆ ಹೋಗುವ ಭಾಗ ಉಬ್ಬಿಕೊಳ್ಳುತ್ತದೆ. ಎ4 ಆದರೆ 100, 100, 97 ಮಾಡಿ. ಹಿಂಬದಿಯಲ್ಲಿ ಕ್ರಮ ತಿರುವುಮುರುವು: 97, 100, 100. ಇದನ್ನು ಮರೆಯುವವರೇ ಜಾಸ್ತಿ.

ಪುಸ್ತಕದ ಬೆನ್ನಿನ ಅಗಲಕ್ಕೆ ಪುಟಗಳನ್ನು ಎರಡರಿಂದ ಭಾಗಿಸಿ, ಒಂದು ಹಾಳೆಯ ದಪ್ಪದಿಂದ ಗುಣಿಸಿ. 200 ಪುಟ, 0.1 ಮಿ.ಮೀ. ಹಾಳೆ ಆದರೆ 10 ಮಿ.ಮೀ. ಮುಖಪುಟದ ರಟ್ಟಿನ ದಪ್ಪವನ್ನೂ ಸೇರಿಸಿ. ಒಳಪುಟ ಹೆಚ್ಚುಕಡಿಮೆ ಆದಾಗಲೆಲ್ಲ ಬೆನ್ನು ಮತ್ತೆ ಲೆಕ್ಕ ಹಾಕಬೇಕು.

12. ರಿಪ್ ಆದ ಮೇಲೆ ಇನ್ನೊಂದು ಸಲ

ಇಲ್ಲಿಯವರೆಗೆ ನೋಡಿದ್ದು ನಿಮ್ಮ ಪಿಡಿಎಫ್. ಪ್ಲೇಟ್‌ಗೆ ಹೋಗುವುದು ರಿಪ್ ಮಾಡಿದ ಚುಕ್ಕೆಗಳ ಫೈಲ್. ಅದಕ್ಕೆ ಒನ್-ಬಿಟ್ ಟಿಫ್ ಎನ್ನುತ್ತಾರೆ. ಬಹುತೇಕ ಕಡೆ ಇದನ್ನು ಸ್ಕ್ರೀನ್ ಮೇಲೆ ತೋರಿಸುತ್ತಾರೆ, ಅಥವಾ ಅದರಿಂದಲೇ ಒಂದು ಪ್ರೂಫ್ ತೆಗೆದುಕೊಡುತ್ತಾರೆ. ಕೇಳಿ ಪಡೆಯಿರಿ. ನೆರಳು, ಟ್ರಾನ್ಸ್‌ಪರೆನ್ಸಿ ಇರುವ ಪುಟಗಳನ್ನು, ವಿಶೇಷ ಫಾಂಟ್ ಇರುವ ಪುಟಗಳನ್ನು ನಿಮ್ಮ ಪ್ರಿಂಟ್‌ಔಟ್ ಜೊತೆ ಇಟ್ಟು ಹೋಲಿಸಿ. ಸಹಿ ಹಾಕುವುದು ಈ ಪ್ರೂಫ್ ಮೇಲೆ. ಮೊಬೈಲ್‌ಗೆ ಬಂದ ಜೆಪೆಗ್ ನೋಡಿ ‘ಓಕೆ’ ಅಂದರೆ ಅದು ಸುಮ್ನೆ ಶಾಸ್ತ್ರಕ್ಕೆ.

13. ಪ್ಲೇಟ್ ಬಂದ ಮೇಲೆ

ಪ್ಲೇಟ್ ನೋಡಲು ಬಿಟ್ಟರೆ ನೋಡಿ. ಆಫ್‌ಸೆಟ್ ಪ್ಲೇಟ್‌ನಲ್ಲಿ ಅಕ್ಷರ ನೇರವಾಗಿಯೇ ಓದಲು ಬರುತ್ತದೆ. ಕನ್ನಡಿಯಲ್ಲಿ ಕಂಡಂತೆ ಇದ್ದರೆ ತಪ್ಪು. ಪ್ರತಿ ಪ್ಲೇಟ್‌ನ ಅಂಚಿನಲ್ಲಿ ಬಣ್ಣದ ಹೆಸರು, ಕೆಲಸದ ಹೆಸರು, ಫಾರಂ ನಂಬರ್ ಇದೆಯಾ ನೋಡಿ. ಬೇಡದ ಚುಕ್ಕೆ ಬಿದ್ದಿದ್ದರೆ ಡಿಲೀಷನ್ ಪೆನ್‌ನಲ್ಲಿ ಅಳಿಸಬಹುದು. ಬಿಟ್ಟುಹೋದ ಅಕ್ಷರವನ್ನು ಸೇರಿಸಲು ಬರುವುದಿಲ್ಲ, ಹೊಸ ಪ್ಲೇಟೇ ಬೇಕು.

ಪ್ಲೇಟ್ ಆದ ಮೇಲೆ ಒಂದು ಕಾಗುಣಿತದ ತಪ್ಪು ಕಣ್ಣಿಗೆ ಬಿತ್ತು ಅಂದುಕೊಳ್ಳಿ. ಏಳನೇ ಹಂತ ಮಾಡಿದ್ದರೆ ಪಠ್ಯ ಕಪ್ಪು ಪ್ಲೇಟ್‌ನಲ್ಲಿ ಮಾತ್ರ ಇರುತ್ತದೆ, ಆ ಫಾರಂನ ಕಪ್ಪು ಪ್ಲೇಟ್ ಒಂದನ್ನು ಬದಲಿಸಿದರೆ ಸಾಕು. ಮಾಡಿರದಿದ್ದರೆ ನಾಲ್ಕೂ ಹೊಸದು. ಒಂದೇ ಪ್ಲೇಟ್ ಬದಲಿಸುವಾಗಲೂ ಹೊಸ ಪಿಡಿಎಫ್ ಮತ್ತು ಹಳೆಯ ಪಿಡಿಎಫ್ ಎರಡನ್ನೂ ಅಕ್ರೋಬ್ಯಾಟ್‌ನ ‘ಕಂಪೇರ್ ಫೈಲ್ಸ್’ಗೆ ಕೊಡಿ. ತಿದ್ದಿದ ಪದ ಒಂದು ಸಾಲನ್ನು ಕೆಳಗೆ ತಳ್ಳಿ, ಆ ಸಾಲು ಮುಂದಿನ ಪುಟಕ್ಕೆ ಜಾರಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆ ಮುಂದಿನ ಪುಟ ಬೇರೆ ಫಾರಂನಲ್ಲಿದ್ದರೆ ಅದರ ಕಪ್ಪು ಪ್ಲೇಟನ್ನೂ ಬದಲಿಸಬೇಕಾಗುತ್ತದೆ.